ಸೊಂಟ ನೋವು, ನರಮಂಡಲ ಮತ್ತು ನಾವು

(ಮಹಿಳಾ ಸ್ವಸಹಾಯ ಸಂಘಗಳ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾವು ಉಳಿತಾಯದ ಬಗ್ಗೆ ಮಾತಾಡಲು ಬಂದದ್ದಲ್ಲ. ಆದರೂ ಈ ವಿಷಯ ಶುರುವಾದದ್ದು ಸಾಲದ ಪುಸ್ತಕದಿಂದಲೇ. ಸಂಘಗಳ ಪುಸ್ತಕ ನೋಡುವಾಗ 'ಸಾಲದ ಉದ್ದೇಶ' ಎಂಬ ಕಾಲಂನಲ್ಲಿ ಮಗಳ ಫೀಸು, ದನ ಖರೀದಿ, ಮನೆ ರಿಪೇರಿ ಇವುಗಳ ನಡುವೆ ಇನ್ನೊಂದು ಮಾತು ಆಗಾಗ ಕಾಣುತ್ತದೆ: 'ಸೊಂಟ ನೋವಿನ ಚಿಕಿತ್ಸೆಗೆ'. ಕೆಲವು ಹೆಸರಿನ ಮುಂದೆ ಎರಡು ಸಲ, ಮೂರು ಸಲ. ಸಾಲ ಹೇಗೋ ತೀರುತ್ತದೆ, ನೋವು ತೀರುವುದಿಲ್ಲ. ಯಾಕೆ ಹೀಗೆ ಎಂದು ನಾವು ಕೇಳಿಕೊಳ್ಳಬೇಕಲ್ವಾ?

ನಮ್ಮ ತಪ್ಪಿನಿಂದಲೇ ಆರಂಭಿಸುತ್ತೇವೆ. ಒಂದು ಸಂಘದಲ್ಲಿ ಬೀಡಿ ಕಟ್ಟುವ ಒಬ್ಬ ಸದಸ್ಯೆ ಇದ್ದರು. ವಯಸ್ಸು ನಲವತ್ತೈದರ ಆಸುಪಾಸು. ಆರು ವರ್ಷಗಳಿಂದ ಸೊಂಟ ನೋವು. ಸ್ಕ್ಯಾನ್ ಮಾಡಿಸಿದಾಗ 'ಡಿಸ್ಕ್ ಉಬ್ಬಿದೆ' ಎಂದು ಬರೆದು ಬಂತು. ಬಗ್ಗಬೇಡ, ನೀರು ಎತ್ತಬೇಡ, ಬೆಲ್ಟ್ ಹಾಕು ಎಂದರು. ಅಂಗಡಿಯಿಂದ ತಂದ ನೋವಿನ ಮಾತ್ರೆ ದಿನಾ ಎರಡು. ಮೊದಲು ತೋಟದ ಕೆಲಸ ನಿಂತಿತು, ಆಮೇಲೆ ಮದುವೆ ಮುಂಜಿಗೆ ಹೋಗುವುದು ನಿಂತಿತು, ಕೊನೆಗೆ ಸಂಘಕ್ಕೆ ಬರುವುದೂ ನಿಂತಿತು. ನಾವು ಮನೆಗೆ ಹೋದೆವು. ಇನ್ನೊಬ್ಬ ವೈದ್ಯರು ರಿಪೋರ್ಟು ನೋಡಿ ದೊಡ್ಡದೇನೂ ಇಲ್ಲ ಅಂದಿದ್ದರಂತೆ. ಅದನ್ನು ಕೇಳಿ ನಾವು, ಸಮಾಧಾನ ಹೇಳುವ ಆತುರದಲ್ಲಿ, "ಹಾಗಾದ್ರೆ ಇದು ಮನಸ್ಸಿನದ್ದು ಅಕ್ಕಾ, ಜಾಸ್ತಿ ಯೋಚನೆ ಮಾಡ್ಬೇಡಿ" ಅಂದುಬಿಟ್ಟೆವು. ಆಕೆ ನಮ್ಮ ಮುಖ ನೋಡಿ ಕೇಳಿದ್ದು ಒಂದೇ ಮಾತು: "ಸಿಸ್ಟರ್, ನಾನು ಸುಳ್ಳು ಹೇಳ್ತೇನೆ ಅಂತ ನೀವೂ ಅಂದ್ಕೊಂಡ್ರಾ?"

ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ ನಮ್ಮ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಹಿಂದೆ ಬಂದ ಮೇಲೆ ಓದಿದೆವು, ತಿಳಿದ ವೈದ್ಯರನ್ನೂ ಫಿಸಿಯೋಥೆರಪಿಯವರನ್ನೂ ಕೇಳಿದೆವು. ಹಾಗೆ ತಿಳಿದದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ನೋವು ಯಾಕೆ ಬೇಕು?

ನೋವೇ ಇಲ್ಲದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನಮಗೆ ಅನ್ನಿಸುತ್ತದೆ. ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದವರನ್ನು ಕೇಳಿ ನೋಡಿ. ಇಂದಿನ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ರೋಗವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂದು ಆಗ ಜನ ನಂಬಿದ್ದರು. ಹಾಗಲ್ಲ, ರೋಗ ನರಗಳನ್ನು ಕೆಡಿಸಿ ನೋವಿನ ಅರಿವನ್ನು ತೆಗೆದುಬಿಡುತ್ತದೆ, ಆಮೇಲೆ ಬಿಸಿ ಪಾತ್ರೆ ಸುಟ್ಟದ್ದು, ಮೊಳೆ ಚುಚ್ಚಿದ್ದು ಗೊತ್ತಾಗದೆ ಗಾಯದ ಮೇಲೆ ಗಾಯವಾಗಿ ಬೆರಳು ಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು. ನೋವು ಎಂದರೆ ಮನೆ ಕಾಯುವ ನಾಯಿ ಇದ್ದ ಹಾಗೆ. ಬೊಗಳುವುದು ನಮ್ಮ ರಕ್ಷಣೆಗೆ.

ಬಿಸಿ ಕಾವಲಿಗೆ ಕೈ ತಾಗಿದರೆ 'ಅಯ್ಯೋ' ಅನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಸುದ್ದಿ ಮೆದುಳಿಗೆ ಮುಟ್ಟುವ ಮೊದಲು ಬೆನ್ನುಹುರಿಯೇ ಕೈಯನ್ನು ಎಳೆದುಬಿಡುತ್ತದೆ. ನೋವು ತಿಳಿಯುವುದು ಆಮೇಲೆ, ಮೆದುಳಿನಲ್ಲಿ. ಇನ್ನೊಂದು ಸಂಗತಿ. ಮಗು ಬಿದ್ದು ಮೊಣಕಾಲು ತಾಗಿಸಿಕೊಂಡರೆ ನಾವು ಏನು ಮಾಡ್ತೇವೆ? ಉಜ್ಜುತ್ತೇವೆ. ನೋವು ಸ್ವಲ್ಪ ಇಳಿಯುತ್ತದೆ. ಇದು ಬರೀ ಸಮಾಧಾನ ಅಲ್ಲ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲು ಇದ್ದ ಹಾಗೆ ಉಂಟು, ಸ್ಪರ್ಶದ ಸುದ್ದಿ ಬಂದಾಗ ನೋವಿನ ಸುದ್ದಿಗೆ ಆ ಬಾಗಿಲು ಸ್ವಲ್ಪ ಮುಚ್ಚುತ್ತದೆ, ಮೇಲಿನಿಂದ ಮೆದುಳು ಕೂಡ ಅದನ್ನು ತೆರೆಯಬಹುದು ಅಥವಾ ಮುಚ್ಚಬಹುದು ಎಂದರು. ಅವರು ಬರೆದ ಕೆಲವು ವಿವರಗಳು ಮುಂದೆ ಬದಲಾದವು, ಆದರೆ ಮೂಲ ವಿಚಾರ ಉಳಿದಿದೆ. ಅಂದರೆ ನೋವು ಗಾಯದ ಅಳತೆ ಮಾತ್ರ ಅಲ್ಲ. ಹೆದರಿಕೆ, ನಿದ್ದೆಗೇಡು, ಒಂಟಿತನ ಬಾಗಿಲನ್ನು ತೆರೆಯುತ್ತವೆ. ಧೈರ್ಯ, ವಿಶ್ರಾಂತಿ, ಜೊತೆ ಇವು ಮುಚ್ಚುತ್ತವೆ.

ಕಳ್ಳ ಹೋದ ಮೇಲೂ ಬೊಗಳುವ ನಾಯಿ

ಒಮ್ಮೆ ಕಳ್ಳ ಬಂದು ಹೋದ ಮನೆಯ ನಾಯಿಯನ್ನು ನೋಡಿದ್ದೀರಾ? ಆಮೇಲೆ ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ. ನರಮಂಡಲಕ್ಕೂ ಹೀಗೇ ಆಗಬಹುದು. ಪದೇ ಪದೇ ನೋವಿನ ಸುದ್ದಿ ಬಂದರೆ ಬೆನ್ನುಹುರಿಯ ನರಕೋಶಗಳೇ ಅತಿ ಚುರುಕಾಗುತ್ತವೆ ಎಂದು ಕ್ಲಿಫರ್ಡ್ ವೂಲ್ಫ್ ಎಂಬವರು 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಆಗ ಸಣ್ಣ ಒತ್ತಡವೂ ದೊಡ್ಡ ನೋವಾಗುತ್ತದೆ, ನೋವಿದ್ದ ಜಾಗದ ಆಚೆಗೂ ಹರಡುತ್ತದೆ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ಅಥವಾ ಮರುಕಳಿಸುವ ನೋವಿಗೆ ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಎಲ್ಲರ ನೋವೂ ಇದೇ ತರಹದ್ದಲ್ಲ. ಆದರೆ ಮೊದಲಿನ ಪೆಟ್ಟು ವಾಸಿಯಾದ ಮೇಲೂ ನೋವು ಉಳಿಯಲು ಇದೊಂದು ಮುಖ್ಯ ಕಾರಣ.

ಇದನ್ನು ಓದಿದಾಗ ನಮಗೆ ಆ ಅಕ್ಕನ ಪ್ರಶ್ನೆ ನೆನಪಾಯಿತು. ಆಕೆ ಸುಳ್ಳು ಹೇಳಿರಲಿಲ್ಲ. ನಾಯಿ ನಿಜವಾಗಿಯೂ ಬೊಗಳುತ್ತಿತ್ತು, ಕಳ್ಳ ಇರಲಿಲ್ಲ ಅಷ್ಟೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಎಂದು ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಎಂದೂ ಸೇರಿಸಿತು. ನಾವು ಆ ದಿನ ಮಾಡದೇ ಹೋದದ್ದು ಅದನ್ನೇ.

ಹಾಗಾದರೆ ಸ್ಕ್ಯಾನಿನಲ್ಲಿ ಕಂಡ ಡಿಸ್ಕ್? ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2015ರಲ್ಲಿ ಒಂದು ವರದಿ ಬಂತು. ಇಪ್ಪತ್ತು ವಯಸ್ಸಿನವರಲ್ಲಿ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. ಐವತ್ತರವರಲ್ಲಿ 60 ಮಂದಿಗೆ, ಎಂಬತ್ತರವರಲ್ಲಿ 84 ಮಂದಿಗೆ. ಇವರೆಲ್ಲ ನೋವಿಲ್ಲದವರು ನೋಡಿ! ತಲೆಗೂದಲು ನೆರೆತ ಹಾಗೆ ಬೆನ್ನೂ ನೆರೆಯುತ್ತದೆ. ರಿಪೋರ್ಟಿನ ಒಂದು ಸಾಲು ಓದಿ 'ನನ್ನ ಬೆನ್ನು ಮುರಿದಿದೆ' ಎಂದು ಹೆದರಿ ಮಲಗಿದರೆ ಸ್ನಾಯು ಸೊರಗುತ್ತದೆ, ಹೆದರಿಕೆ ಬೆಳೆಯುತ್ತದೆ, ನೋವೂ ಬೆಳೆಯುತ್ತದೆ.

ಔಷಧಿ ಅಲ್ಲದ ಚಿಕಿತ್ಸೆ ಯಾವುದು?

ಪ್ರಪಂಚದಲ್ಲಿ 2020ರಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ ನೋವು ಇತ್ತು ಎಂಬುದು ಅಂದಾಜು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ, ಬೇರೆ ರೋಗ ಕಾರಣವಲ್ಲದ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೇಳಿದ ಮುಖ್ಯ ಚಿಕಿತ್ಸೆಗಳು: ನೋವಿನ ಬಗ್ಗೆ ತಿಳುವಳಿಕೆ, ವ್ಯಾಯಾಮ, ಮಸಾಜ್ ಮತ್ತು ತರಬೇತಾದವರು ಕೈಯಿಂದ ಕೊಡುವ ಬೆನ್ನಿನ ಚಿಕಿತ್ಸೆ, ಹೆದರಿಕೆ ಮತ್ತು ಅಭ್ಯಾಸಗಳನ್ನು ತಿದ್ದುವ ಮನೋಚಿಕಿತ್ಸೆ. ಉರಿಯೂತ ಇಳಿಸುವ ನೋವಿನ ಮಾತ್ರೆಯೂ ಪಟ್ಟಿಯಲ್ಲಿ ಉಂಟು, ಪೂರ್ತಿ ಬೇಡ ಎಂದಲ್ಲ. ಬೇಡ ಎಂದದ್ದು ಯಾವುದು ಗೊತ್ತೇ? ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್, ಅಫೀಮಿನ ಜಾತಿಯ ನೋವಿನ ಮದ್ದು. ನಮ್ಮ ಸಂಘಗಳಲ್ಲಿ ಬೆಲ್ಟಿಗೆ ಎಷ್ಟು ಸಾಲ ಕೊಟ್ಟಿದ್ದೇವೆ ಎಂದು ನೀವೇ ಲೆಕ್ಕ ಹಾಕಿ.

ನಡಿಗೆಯ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಸೊಂಟ ನೋವು ಬಂದು ಗುಣವಾಗಿದ್ದ 701 ಜನರಲ್ಲಿ ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಯವರ ಮಾರ್ಗದರ್ಶನದಲ್ಲಿ ನಡಿಗೆ ಮತ್ತು ತಿಳುವಳಿಕೆ ಕೊಟ್ಟರು. ನಿಧಾನವಾಗಿ ಹೆಚ್ಚಿಸುತ್ತಾ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವುದು ಗುರಿ. ಏನೂ ಕೊಡದ ಗುಂಪಿನವರಿಗೆ ನೋವು ಮರಳಲು ಹಿಡಿದ ಮಧ್ಯಮ ಅವಧಿ 112 ದಿನ. ನಡೆದವರಿಗೆ 208 ದಿನ. ನಡಿಗೆಗೆ ಸಾಲ ಬೇಕಾಗಿಲ್ಲ.

ನಾವು ಆ ಅಕ್ಕನ ಮನೆಗೆ ಪುನಃ ಹೋದೆವು. ಮೊದಲು ಕ್ಷಮೆ ಕೇಳಿದೆವು. ಆಮೇಲೆ ವೈದ್ಯರ ಬಳಿ ಕರೆದುಕೊಂಡು ಹೋದೆವು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡಕ್ಕೆ ತೊಂದರೆ ಶುರುವಾದದ್ದು ಕಂಡಿತು. ವರ್ಷಗಟ್ಟಲೆ ನುಂಗಿದ ಮಾತ್ರೆ ಇನ್ನು ಮುಟ್ಟಬಾರದು ಎಂದರು. ಇಂಥ ಮಾತ್ರೆಗಳನ್ನು ಬಹಳ ಕಾಲ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಬಿ.ಪಿ. ಏರುವುದು, ಮೂತ್ರಪಿಂಡ ಕೆಡುವುದು ಎಲ್ಲಾ ಆಗಬಹುದು. ಅಂಗಡಿಯವರಿಗೆ ನಮ್ಮ ಮೂತ್ರಪಿಂಡದ ಲೆಕ್ಕ ಗೊತ್ತಿರುವುದಿಲ್ಲ.

ಆಮೇಲೆ ಏನು ಮಾಡಿದೆವು? ದೊಡ್ಡದೇನಿಲ್ಲ. ಪಕ್ಕದ ಮನೆಯವರ ಜೊತೆ ಹಾಲಿನ ಡೈರಿಯ ದಾರಿಯಲ್ಲಿ ಐದು ನಿಮಿಷ ನಡಿಗೆ. ಒಂದು ವಾರ ಬಿಟ್ಟು ಎಂಟು ನಿಮಿಷ. ಫಿಸಿಯೋಥೆರಪಿಯವರು ಮೂರು ಸುಲಭ ವ್ಯಾಯಾಮ ಹೇಳಿಕೊಟ್ಟರು. ಬೀಡಿ ಕಟ್ಟುವಾಗ ಮೊರ ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ, ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದು ತಾನೆ? ಐವತ್ತು ಬೀಡಿ ಆದ ಕೂಡಲೇ ಎದ್ದು ಅಂಗಳಕ್ಕೆ ಒಂದು ಸುತ್ತು ಎಂದು ನಿಯಮ ಮಾಡಿಕೊಂಡರು. ನೋವು ಬಂದಾಗ ಏಳುವುದಲ್ಲ, ನೋವು ಬರುವ ಮೊದಲೇ ಏಳುವುದು. ಒಳ್ಳೆಯ ದಿನ ಎಲ್ಲಾ ಕೆಲಸ ಮುಗಿಸಿ ಮರುದಿನ ಮಲಗುವುದನ್ನು ಬಿಟ್ಟು, ದಿನಾ ಸ್ವಲ್ಪ ಸ್ವಲ್ಪ. ರಾತ್ರಿ ಟಿ.ವಿ. ಬೇಗ ಆಫ್. ನಿದ್ದೆ ಕೆಟ್ಟರೆ ಮರುದಿನ ನೋವು ಹೆಚ್ಚು ಎಂಬುದು ನಿಮಗೂ ಅನುಭವ ಉಂಟು.

ಪವಾಡ ಆಯಿತು ಎಂದು ನಾವು ಹೇಳುವುದಿಲ್ಲ. ಮೊದಲ ವಾರ ನೋವು ಸ್ವಲ್ಪ ಜಾಸ್ತಿಯೇ ಆಯಿತು, ಆಕೆ ಬಿಟ್ಟುಬಿಡಲು ಹೊರಟಿದ್ದರು. ನೋವು ಈಗಲೂ ಪೂರ್ತಿ ಹೋಗಿಲ್ಲ. ಔಷಧಿ ಇಲ್ಲದ ಚಿಕಿತ್ಸೆಗಳ ಫಲ ಹೆಚ್ಚಾಗಿ ನಿಧಾನ ಮತ್ತು ಸಾಧಾರಣ. ಆದರೆ ನಾಲ್ಕು ತಿಂಗಳ ನಂತರ ಆಕೆ ನಡೆದುಕೊಂಡೇ ಸಂಘಕ್ಕೆ ಬಂದರು. "ನೋವು ಉಂಟು ಸಿಸ್ಟರ್, ಆದ್ರೆ ಈಗ ಹೆದರಿಕೆ ಇಲ್ಲ" ಅಂದರು.

ತಡಮಾಡಬಾರದ ಲಕ್ಷಣಗಳು

ಒಂದು ಎಚ್ಚರಿಕೆ. ಎಲ್ಲಾ ಸೊಂಟ ನೋವೂ ನಡಿಗೆಗೆ ಇಳಿಯುವುದಿಲ್ಲ. ಮೂತ್ರ ಅಥವಾ ಮಲ ಹಿಡಿತಕ್ಕೆ ಬಾರದಿದ್ದರೆ, ಮೂತ್ರ ಕಟ್ಟಿದರೆ, ತೊಡೆಯ ಸಂದಿಯಲ್ಲಿ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದು, ಬಿದ್ದು ಪೆಟ್ಟಾದದ್ದು ಇದ್ದರೂ ತಡಮಾಡಬೇಡಿ. ಬೆನ್ನುಮೂಳೆಗೆ ಟಿ.ಬಿ. ಬರುವುದುಂಟು, ಅದಕ್ಕೆ ಮದ್ದು ಬೇಕೇ ಬೇಕು. ಸಕ್ಕರೆ ಕಾಯಿಲೆಯವರು ಪಾದ ಉರಿದರೆ, ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ದಿನಾ ರಾತ್ರಿ ಪಾದವನ್ನು ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ. ಅಲ್ಲಿ ನಾಯಿ ಬೊಗಳುವುದನ್ನೇ ನಿಲ್ಲಿಸಿರಬಹುದು. ವೈದ್ಯರು ಕೊಟ್ಟ ಔಷಧಿಯನ್ನು ನಮ್ಮ ಮಾತು ಕೇಳಿ ನೀವಾಗಿಯೇ ನಿಲ್ಲಿಸಲೂ ಬೇಡಿ.

ಸಂಘ ಏನು ಮಾಡಬಹುದು?

ಕೊನೆಗೆ ಮೂರು ವಿನಂತಿ. ಮೊದಲನೆಯದು, ಯಾರಾದರೂ ನೋವು ಅಂದಾಗ 'ನಾಟಕ', 'ಮನಸ್ಸಿನದ್ದು' ಎನ್ನಬೇಡಿ. ಅತ್ತೆಯಾದರೂ ಸೊಸೆಯಾದರೂ ಮೊದಲು ನಂಬಿ. ಎರಡನೆಯದು, ನೋವಿನ ಚಿಕಿತ್ಸೆಗೆ ಎರಡನೇ ಸಲ ಸಾಲದ ಅರ್ಜಿ ಬಂದಾಗ ಕೊಡುವುದಿಲ್ಲ ಎನ್ನಬೇಡಿ, ಆದರೆ ಮೂರು ಪ್ರಶ್ನೆ ಕೇಳಿ: ಅರ್ಹ ವೈದ್ಯರು ನೋಡಿದ್ದಾರಾ? ಕೊಟ್ಟ ಇಂಜೆಕ್ಷನ್ ಯಾವುದು ಎಂದು ಚೀಟಿಯಲ್ಲಿ ಬರೆದಿದ್ದಾರಾ? ಫಿಸಿಯೋಥೆರಪಿಯವರನ್ನು ಕಂಡಿದ್ದೀರಾ? ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಕಡಿಮೆ ಖರ್ಚಿನಲ್ಲಿ ಆದೀತು. ಮೂರನೆಯದು, ಒಬ್ಬ ಸದಸ್ಯೆ ಎರಡು ಸಭೆಗೆ ಬಾರದಿದ್ದರೆ ದಂಡ ಬರೆಯುವ ಮೊದಲು ಮನೆಗೆ ಹೋಗಿ ನೋಡಿ. ನೋವಿನಿಂದ ಮಲಗಿದ್ದರೆ ಜೊತೆಗೆ ನಡೆಯಲು ಒಬ್ಬರನ್ನು ಗೊತ್ತುಮಾಡಿ. ಐದು ನಿಮಿಷ ಸಾಕು.

ಆ ಅಕ್ಕ ಇವತ್ತು ಈ ಸಭೆಯಲ್ಲಿ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಇಷ್ಟು ಹೇಳಿದೆವು, ಹೆಸರು ಮಾತ್ರ ಹೇಳುವುದಿಲ್ಲ. ಬಹಳ ಹೊತ್ತು ಕೂತಿದ್ದೀರಿ. ಈಗ ಎಲ್ಲರೂ ಒಮ್ಮೆ ಎದ್ದು ನಿಂತು ಕೈ ಮೇಲೆತ್ತಿ, ಬೆನ್ನು ಚಾಚಿ. ಚಹಾ ಆಮೇಲೆ ಕುಡಿಯುವ.