ಹಿರಿತನವೆಂದರೆ ಹೊಣೆ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಂಸ್ಕಾರದ ಬಗ್ಗೆ ಮಾತಾಡಿರಿ ಎಂದು ಮುಖ್ಯೋಪಾಧ್ಯಾಯರು ಹೇಳಿದರು. ನನಗೆ ಒಬ್ಬ ಮಾಸ್ತರರ ನೆನಪಾಯಿತು. ಕ್ರಿ.ಪೂ. 551ರಲ್ಲಿ ಚೀನಾದಲ್ಲಿ ಹುಟ್ಟಿದ ಕನ್ಫ್ಯೂಷಿಯಸ್ ಅವರು. ಕಲಿಸುವಾಗ ಬಡವ-ಬಲ್ಲಿದ ಎಂದು ಭೇದ ಮಾಡಬಾರದು ಎಂದವರು. ನಮ್ಮಂಥ ಸರಕಾರಿ ಶಾಲೆಗೆ ಒಪ್ಪುವ ಮಾತು.

ಅವರ ಪರಂಪರೆ ಐದು ಗುಣಗಳನ್ನು ಹೇಳುತ್ತದೆ: ಅಂತಃಕರಣ, ನ್ಯಾಯ, ನಡೆ-ನುಡಿಯ ಶಿಸ್ತು, ವಿವೇಕ, ಕೊಟ್ಟ ಮಾತು ಉಳಿಸಿಕೊಳ್ಳುವುದು. ಇವನ್ನು ಮೊದಲು ಕಲಿಯುವುದು ಮನೆಯಲ್ಲಿ, ಹಿರಿಯರನ್ನು ಗೌರವಿಸುವುದರಿಂದ.

ಆದರೆ ಹಿರಿಯರಿಗೆ ತಲೆಬಾಗಿದರೆ ಮುಗಿಯಿತು ಎಂದು ಅವರು ಹೇಳಲಿಲ್ಲ. ಅರಸ ಅರಸನ ಹಾಗೆ, ತಂದೆ ತಂದೆಯ ಹಾಗೆ ನಡೆದುಕೊಂಡರೇ ಸಮಾಜ ನೆಟ್ಟಗಿರುತ್ತದೆ ಎಂದರು. ತಂದೆ-ತಾಯಿ ತಪ್ಪಿದರೆ ಮಕ್ಕಳು ಗೌರವ ಬಿಡದೆ ಮೆಲ್ಲಗೆ ತಿಳಿಸಿ ಹೇಳಬೇಕು ಎಂದರು. ನನ್ನ ಸಾಫ್ಟ್‌ವೇರ್ ಕೆಲಸದಲ್ಲಿಯೂ ಹಿರಿಯರು ಬರೆದ ಕೋಡನ್ನು ಹೊಸದಾಗಿ ಸೇರಿದವರು ಪರೀಕ್ಷಿಸಿ ತಪ್ಪು ತೋರಿಸುತ್ತಾರೆ. ಅದನ್ನು ಯಾರೂ ಅಗೌರವ ಎನ್ನುವುದಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಆ ಪರಂಪರೆಯಲ್ಲಿ ಹೆಣ್ಣುಮಕ್ಕಳಿಗೆ ಸಮನಾದ ಸ್ಥಾನ ಸಿಗಲಿಲ್ಲ. ಅಲ್ಲಿ ನಮ್ಮ 12ನೇ ಶತಮಾನದ ಶರಣರು ಮುಂದೆ ಹೋದರು. ಹುಟ್ಟಿನ ಮೇಲು-ಕೀಳನ್ನು ಒಪ್ಪಲಿಲ್ಲ. ಅಕ್ಕಮಹಾದೇವಿಯಂಥವರ ಮಾತಿಗೆ ಕಿವಿಗೊಟ್ಟರು. ದುಡಿಮೆಯನ್ನು ಕಾಯಕವೆಂದರು, ಹಂಚಿಕೊಳ್ಳುವುದನ್ನು ದಾಸೋಹವೆಂದರು.

ಆ ದಾಸೋಹ ಬರೀ ಪುಸ್ತಕದಲ್ಲಿ ಉಳಿಯಲಿಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡ ಹುಡುಗರಿಗೆ ಊಟ, ವಸತಿ ಕೊಟ್ಟು ಓದಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಕಟ್ಟಿದವರು ಏಳು ಮಂದಿ ಶಿಕ್ಷಕರು. ಇವರೆಲ್ಲ ಹಿರಿತನವನ್ನು ಹೊಣೆಯೆಂದು ತಿಳಿದವರು.

ಅದಕ್ಕೇ ಇವತ್ತು ನನ್ನ ವಿನಂತಿ ಹಿರಿಯರಿಗೆ. ಹತ್ತನೇ ತರಗತಿ ಮುಗಿದ ಮೇಲೆ ಮಗಳು "ಅಪ್ಪಾ, ನಾ ಇನ್ನೂ ಓದತೇನಿ" ಅಂದರೆ ಅದನ್ನು ಎದುರುತ್ತರ ಎಂದು ತಿಳಿಯಬೇಡಿರಿ. ಆಕೆಯನ್ನು ಧಾರವಾಡಕ್ಕೋ ಹುಬ್ಬಳ್ಳಿಗೋ ಕಾಲೇಜಿಗೆ ಕಳಿಸಿರಿ. ಪುಸ್ತಕಕ್ಕೆ, ಹಾಸ್ಟೆಲ್ ಶುಲ್ಕಕ್ಕೆ ಹಣ ಸಾಲದಿದ್ದರೆ ಹಳೆಯ ವಿದ್ಯಾರ್ಥಿಗಳಾದ ನಾವು ಕೂಡಿಸೋಣ. ಈ ಶಾಲೆ ನಮ್ಮನ್ನು ಬೆಳೆಸಿದೆ. ಈಗ ಹಿರಿಯರಾಗುವ ಸರದಿ ನಮ್ಮದು.