ರಜೆಗೆ ಹೊರಡುವ ಮುನ್ನ ತೋಟದ ಮನೆಯ ಲೆಕ್ಕ

(ಮಾಸಿಕ ಚಿಂತನಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ‘ನಿವೃತ್ತಿಯ ನಂತರದ ಕಾಯಕ’ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಮೂರು ದಶಕಕ್ಕೂ ಹೆಚ್ಚು ಕಾಲ ಕಾಲುವೆ, ತೂಬು, ಅಂದಾಜುಪತ್ರಿಕೆಗಳ ನಡುವೆ ಕಳೆದವನು. ಶಾಸ್ತ್ರದ ಮಾತು ಹೇಳಲು ಇಲ್ಲಿ ಬಲ್ಲವರು ಬಹಳ ಇದ್ದಾರೆ. ನಾನು ಲೆಕ್ಕದ ಮಾತು ಹೇಳುತ್ತೇನೆ. ಧಾರವಾಡದ ಹೊರಗಿನ ಎರಡು ಎಕರೆ ಹತ್ತು ಗುಂಟೆಯ ತೋಟವನ್ನು ಬಿಟ್ಟು ಒಂದು ಕುಟುಂಬ ಹತ್ತು ದಿನ ರಜೆಗೆ ಹೋಗಬೇಕಾದರೆ ಏನೇನು ಮಾಡಬೇಕು ಎಂಬ ಲೆಕ್ಕ ಅದು.

ನಿವೃತ್ತರಾದ ನೌಕರರು, ಶಿಕ್ಷಕರು ಊರ ಹೊರಗೆ ಒಂದೆರಡು ಎಕರೆ ಮಾಡಿಕೊಳ್ಳುವುದು ಈಗ ರೂಢಿಯಾಗಿದೆ. ಈ ಸಭೆಯಲ್ಲೇ ಅಂಥವರು ಹಲವರಿದ್ದೀರಿ. ಯಾರಾದರೂ ಕೇಳಿದರೆ ‘ಹವ್ಯಾಸಕ್ಕೆ ಮಾಡೀವಿ’ ಎನ್ನುತ್ತೇವೆ. ಆದರೆ ಆಕಳಿಗೆ ನಮ್ಮ ಹವ್ಯಾಸದ ಮಾತು ತಿಳಿಯುವುದಿಲ್ಲ. ಅದಕ್ಕೆ ಹನ್ನೆರಡು ತಾಸಿಗೊಮ್ಮೆ ಹಾಲು ಕರೆಯಲೇಬೇಕು. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿ. ತೋಟ ಹವ್ಯಾಸವೋ ಕಾಯಕವೋ ಎಂಬುದು ಅದನ್ನು ಬಿಟ್ಟು ಹೊರಡುವ ದಿನ ತಿಳಿಯುತ್ತದೆ.

ಮೊದಲ ತೊಡಕು ಪಂಚಾಂಗದ್ದು. ಮಗ, ಸೊಸೆ, ಮೊಮ್ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮೊಮ್ಮಕ್ಕಳ ಬೇಸಿಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳು. ನಮ್ಮ ಭಾಗದಲ್ಲಿ ಆಪೂಸ್ ಮಾವಿನ ಕೊಯ್ಲೂ ಅದೇ ಎರಡು ತಿಂಗಳು. ಮೇ ಕೊನೆಯ ವಾರ ರೋಹಿಣಿ ಮಳೆ ಹಿಡಿಯುತ್ತದೆ, ಜೂನ್ ಮೊದಲ ವಾರ ದಾಟಿದರೆ ಮೃಗಶಿರ. ಅಷ್ಟರಲ್ಲಿ ಹೊಲ ಹರಗಿ ಬಿತ್ತನೆಗೆ ಸಿದ್ಧವಿರಬೇಕು. ಶಾಲೆಯ ಪಂಚಾಂಗವನ್ನೂ ಹೊಲದ ಪಂಚಾಂಗವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಬಿಡುವು ಸಿಕ್ಕುವುದು ಕೃತ್ತಿಕಾ ಮಳೆಯ ಹೊತ್ತಿನ ಹತ್ತು ದಿನ ಮಾತ್ರ. ಹಾಗಾಗಿ ಹೋದ ಬೇಸಿಗೆಯಲ್ಲಿ ಮೇ 14ರಿಂದ 23ರವರೆಗೆ ಮಡಿಕೇರಿ, ಮೈಸೂರು, ಊಟಿ ಎಂದು ಗೊತ್ತುಮಾಡಿದೆವು.

ಹೊರಡುವ ಹಿಂದಿನ ವಾರ ಮನೆ ಹೇಗಿತ್ತೆಂದು ಹೇಳುತ್ತೇನೆ, ತೋಟ ಮಾಡಿದವರಿಗೆ ಇದು ಹೊಸದೇನಲ್ಲ. ಮಾವಿನ ನಲವತ್ತು ಗಿಡಗಳಲ್ಲಿ ಮನೆಗೆಂದು ಇಟ್ಟುಕೊಂಡ ನಾಲ್ಕರ ಕಾಯಿ ಇಳಿದಿತ್ತು. ಅರ್ಧ ಹುಲ್ಲಿನಲ್ಲಿ ಹಣ್ಣಿಗೆ, ಅರ್ಧ ಉಪ್ಪಿನಕಾಯಿಗೆ. ಹೋಳು ಮಾಡಿ ಉಪ್ಪು ಹಾಕಿದ್ದು ಮೂರು ಭರಣಿ. ಅದನ್ನು ದಿನವೂ ಮೇಲೆ ಕೆಳಗೆ ಮಾಡಬೇಕು. ಎರಡು ಆಕಳಲ್ಲಿ ಒಂದು ಕರೆಯುವುದು, ಇನ್ನೊಂದಕ್ಕೆ ಏಳು ತಿಂಗಳ ಗಬ್ಬ. ಕರು ಹಾಕುವ ಎರಡು ತಿಂಗಳ ಮೊದಲು ಗಬ್ಬದ ಆಕಳ ಹಾಲು ಬತ್ತಿಸಬೇಕು, ಅದೂ ಅದೇ ವಾರಕ್ಕೆ ಬಂತು. ಮಳೆಗಾಲಕ್ಕೆ ಮುನ್ನ ಗಳಲೆ ರೋಗಕ್ಕೂ ಚಪ್ಪೆ ಬೇನೆಗೂ ಲಸಿಕೆ ಹಾಕಿಸಬೇಕು. ಹಾಲು ಒಯ್ಯುವ ನಾಲ್ಕು ಮನೆಯವರಿಗೆ ತಿಳಿಸಬೇಕು. ಸೊಸೆ ಒಂದು ಕಡೆ ಮಕ್ಕಳ ಬಟ್ಟೆ ಮಡಚುತ್ತಿದ್ದಳು, ಮಗ ಇನ್ನೊಂದು ಕಡೆ ಕೋಳಿಗೂಡಿನ ಜಾಲರಿ ಬಿಗಿಯುತ್ತಿದ್ದ. ಮೊಮ್ಮಗ ಮಾತ್ರ ಕರುವನ್ನೂ ಗಾಡಿಯಲ್ಲಿ ಕರೆದುಕೊಂಡು ಹೋಗೋಣವೆಂದು ಹಟ ಹಿಡಿದಿದ್ದ.

ನೀರಿನ ಕೆಲಸ ನನ್ನದು. ಮಾಗಿದ ಮಾವಿನ ಗಿಡಕ್ಕೆ ಕಾಯಿ ಇಳಿಸಿದ ಮೇಲೆ ಹತ್ತು ದಿನ ನೀರಿಲ್ಲದಿದ್ದರೂ ನಡೆಯುತ್ತದೆ. ಮಿಕ್ಕವಕ್ಕೆ ನಡೆಯುವುದಿಲ್ಲ. ತೆಂಗಿಗೆ ಮೇ ಬಿಸಿಲಲ್ಲಿ ದಿನಕ್ಕೆ 50 ಲೀಟರ್ ಹಿಡಿದರೆ ಇಪ್ಪತ್ತು ಗಿಡಕ್ಕೆ 1,000 ಲೀಟರ್. ಬಾಳೆಗೆ 16 ಲೀಟರಿನಂತೆ ಐವತ್ತಕ್ಕೆ 800. ನಾಲ್ಕು ಗುಂಟೆ ಕಾಯಿಪಲ್ಲೆ ಎಂದರೆ ಸುಮಾರು 400 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ನೀರೆಂದರೆ 2,000 ಲೀಟರ್. ಆಕಳಿಗೂ ಕೊಟ್ಟಿಗೆಗೂ 200. ಒಟ್ಟು 4,000 ಲೀಟರ್. ನಮ್ಮ ತೊಟ್ಟಿ ಹಿಡಿಯುವುದು 10,000. ಅಂದರೆ ಗಾಳಿ, ಗುಡುಗಿಗೆ ತಂತಿ ಹರಿದು ವಿದ್ಯುತ್ ಹೋದರೆ ಎರಡೂವರೆ ದಿನದ ನೀರು ಕೈಯಲ್ಲಿದೆ. ಕಾಯಿಪಲ್ಲೆ ಮಡಿಗೂ ಬಾಳೆಯ ಬುಡಕ್ಕೂ ಒಣಹುಲ್ಲು, ತರಗು ದಪ್ಪಗೆ ಹೊದಿಸಿದೆವು. ನೆಲದಿಂದ ಆವಿಯಾಗುವುದು ಕಡಿಮೆಯಾಗಿ ಆ ಎರಡೂವರೆ ದಿನ ಇನ್ನಷ್ಟು ಹಿಗ್ಗುತ್ತದೆ.

ಹನಿ ನೀರಾವರಿ ಮಾಡಿದವರಿಗೆ ಒಂದು ಮಾತು. ಪಂಪಿನಿಂದ ನೇರ ಬರುವಾಗ ಡ್ರಿಪ್ಪರಿಗೆ ಸುಮಾರು 1 ಕೆಜಿ ಒತ್ತಡ ಇರುತ್ತದೆ. ಮೂರು ಮೀಟರ್ ಎತ್ತರದ ತೊಟ್ಟಿಯಿಂದ ಬರುವಾಗ 0.3 ಕೆಜಿ ಮಾತ್ರ. ಸಾದಾ ಡ್ರಿಪ್ಪರಿನಲ್ಲಿ ಆಗ ಹರಿವು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇರುತ್ತದೆ, ಅಷ್ಟೇ. ಪಂಪಿನಿಂದ ಒಂದು ತಾಸು ಬಿಡುವ ಕಡೆ ತೊಟ್ಟಿಯಿಂದ ಹೆಚ್ಚು ಕಡಿಮೆ ಎರಡು ತಾಸು ಬಿಡಬೇಕು. ಇದನ್ನು ಹೇಳದೆ ಹೋದರೆ ಉಳಿದವರು ಗಡಿಯಾರ ನೋಡಿ ನೀರು ನಿಲ್ಲಿಸುತ್ತಾರೆ, ಗಿಡ ಬಾಡುತ್ತದೆ, ಬೈಗುಳ ಅವರ ಪಾಲಿಗೆ ಬರುತ್ತದೆ. ವಿದ್ಯುತ್ ಬಂದೊಡನೆ ಪಂಪು ತಾನೇ ಓಡಲು ಆಟೋ ಸ್ಟಾರ್ಟರ್, ಬೋರಿನಲ್ಲಿ ನೀರಿಲ್ಲದಾಗ ತಾನೇ ನಿಲ್ಲಲು ರಕ್ಷಕ, ತೊಟ್ಟಿ ತುಂಬಿದಾಗ ನಿಲ್ಲಲು ಫ್ಲೋಟ್ ಸ್ವಿಚ್ ಇಷ್ಟನ್ನೂ ಪರೀಕ್ಷೆ ಮಾಡಿದೆ. ಗುಡುಗು ಶುರುವಾದರೆ ಮೊದಲು ಸ್ವಿಚ್ ಕಡಿಯಬೇಕೆಂದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ.

ಇಷ್ಟಾದ ಮೇಲೆ ಊಟದ ಮೇಜಿನ ಮೇಲೆ ಒಂದು ಹಾಳೆ ಇಟ್ಟು, ಯಾರು ದಿನಕ್ಕೆ ಏನು ಮಾಡುತ್ತಾರೋ ಅದನ್ನು ಬರೆಯುವ ಕೆಲಸ ಮೊಮ್ಮಗಳಿಗೆ ಕೊಟ್ಟೆವು. ನನ್ನ ಹೆಸರಿನ ಕೆಳಗೆ ಒಂಬತ್ತು ಕೆಲಸ ಬಂದವು. ತೋಟಕ್ಕೆ ಬರುವ ದಂಪತಿಗೆ ಹದಿನೇಳು. ಅಜ್ಜಿಯ ಹೆಸರಿನ ಕೆಳಗೆ ಬರೆಯುತ್ತ ಬರೆಯುತ್ತ ಹುಡುಗಿ ಇನ್ನೊಂದು ಹಾಳೆ ಕೇಳಿದಳು. ಮೂವತ್ತೊಂದು. ಅದರಲ್ಲಿ ‘ಆಕಳ ಕಣ್ಣು ನೋಡುವುದು’ ಎಂದೂ ಒಂದಿತ್ತು. ಅದೇನೆಂದು ಮಗ ಕೇಳಿದ. ಆಕಳು ಬೆದೆಗೆ ಬರುವುದು ಇಪ್ಪತ್ತೊಂದು ದಿನಕ್ಕೊಮ್ಮೆ, ಅದೂ ಒಂದು ದಿನ ಪೂರ್ತಿ ಇರುವುದಿಲ್ಲ. ಮೇವು ಬಿಟ್ಟು ಕಿವಿ ನಿಮಿರಿಸಿ ಅತ್ತಿತ್ತ ನೋಡುವುದು, ಕೂಗುವುದು, ಹಾಲು ಇಳಿಯುವುದು, ಇವನ್ನು ಅಂದೇ ಗುರುತಿಸದಿದ್ದರೆ ಮತ್ತೆ ಮೂರು ವಾರ ಕಾಯಬೇಕು. ಇದನ್ನು ಹೇಳುವ ಯಂತ್ರ ನಮ್ಮ ಕೊಟ್ಟಿಗೆಯಲ್ಲಿಲ್ಲ. ನನ್ನ ಮನೆಯವರ ಕಣ್ಣಿದೆ.

ಪಟ್ಟಿ ಮುಗಿದಾಗ ಆಕೆ ಹೇಳಿದ್ದು ಇಷ್ಟೇ: “ನೀವೆಲ್ಲಾ ಹೋಗಿ ಬರ್ರಿ. ನಾ ಇರ್ತೀನಿ.”

ಬಂಧುಗಳೇ, ಈ ಮಾತನ್ನು ನಮ್ಮ ಎಷ್ಟು ಮನೆಗಳಲ್ಲಿ ಕೇಳಿಲ್ಲ? ತೋಟದ ಮನೆಗಳಲ್ಲಿ ಉಳಿಯುವವರು ಯಾವಾಗಲೂ ಒಬ್ಬರೇ, ಮತ್ತು ಅವರು ಸಾಮಾನ್ಯವಾಗಿ ಹೆಣ್ಣುಮಕ್ಕಳು. ನಾವು ಅದನ್ನು ಆಕೆಯ ದೊಡ್ಡ ಗುಣ ಎಂದು ಹೊಗಳಿ ಗಾಡಿ ಹತ್ತುತ್ತೇವೆ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಆ ಕೆಲಸ ಮಾಡುತ್ತಾರೆಂದು ಅದರಲ್ಲಿ ಬಂತು. ಐದು ತಾಸಿಗೆ ಒಂದು ನಿಮಿಷ ಕಡಿಮೆ. ಒಂದು ಹಾಳೆ ಸಾಲದೆ ಮೊಮ್ಮಗಳು ಇನ್ನೊಂದು ಕೇಳಿದ್ದರ ಕಾರಣ ಇದೇ.

ನಾನು ಇಲಾಖೆಯಲ್ಲಿ ಕಲಿತ ಒಂದು ನಿಯಮವಿದೆ. ಏತ ನೀರಾವರಿಯ ಪಂಪ್‌ಹೌಸ್ ಕಟ್ಟುವಾಗ ಬೇಕಾದಷ್ಟೇ ಪಂಪು ಇಟ್ಟು ಬರುವುದಿಲ್ಲ. ಒಂದು ಕೆಟ್ಟರೆ ಇರಲಿ ಎಂದು ಬದಲಿ ಪಂಪನ್ನೂ ಇಡುತ್ತೇವೆ. ಬದಲಿ ಇಲ್ಲದ ವ್ಯವಸ್ಥೆಯನ್ನು ಯಾವ ಮೇಲಧಿಕಾರಿಯೂ ಒಪ್ಪುವುದಿಲ್ಲ. ಯಂತ್ರಕ್ಕೆ ನಾವು ಕೊಡುವ ಈ ನ್ಯಾಯ ಮನುಷ್ಯರಿಗೂ ಸಲ್ಲಬೇಕು. ಒಬ್ಬರು ಹತ್ತು ದಿನ ಇಲ್ಲದಿದ್ದರೆ ನಡೆಯದ ತೋಟ ಆ ಒಬ್ಬರ ಬೆನ್ನ ಮೇಲೆ ನಿಂತ ತೋಟ. ಆ ಬೆನ್ನಿಗೂ ಎಪ್ಪತ್ತು ವರ್ಷ ಆಗುತ್ತದೆ.

ಆದ್ದರಿಂದ ಉಳಿದ ಆರು ದಿನ ನಮ್ಮ ಮನೆಯಲ್ಲಿ ನಡೆದದ್ದು ಕಲಿಕೆ. ಆಕಳು ಗುರುತಿನ ಕೈಗೆ ಹಾಲು ಬಿಟ್ಟಂತೆ ಹೊಸ ಕೈಗೆ ಬಿಡುವುದಿಲ್ಲ. ಹೆದರಿದರೆ ಸೊರೆಯುವುದೇ ಇಲ್ಲ. ತೋಟಕ್ಕೆ ಬರುವ ಆ ತಾಯಿ ಆರು ದಿನ ಎರಡು ಹೊತ್ತೂ ನಮ್ಮ ಮನೆಯವರ ಪಕ್ಕ ಕೂತು ಕರೆದರು. ಮೊದಲ ದಿನ ಎರಡು ಮೊಲೆ, ಮೂರನೆಯ ದಿನಕ್ಕೆ ನಾಲ್ಕೂ. ಕಣ್ಣು ನೋಡುವುದು, ಕೆಚ್ಚಲು ಮುಟ್ಟಿ ಬಿಸಿ ನೋಡುವುದು, ಹಾಲಿನಲ್ಲಿ ಗಡ್ಡೆ ಇದೆಯೇ ನೋಡುವುದು, ಎಲ್ಲವನ್ನೂ ಕಲಿತರು. ಅವರ ಯಜಮಾನರು ನನ್ನಿಂದ ವಾಲ್ವುಗಳ ಲೆಕ್ಕ ಕಲಿತರು. ಮೊದಲ ಬಾರಿಗೆ ಆ ಮೂವತ್ತೊಂದು ಕೆಲಸ ಇಬ್ಬರ ಕೈಗೆ ಗೊತ್ತಾದವು.

ನಂತರ ಪ್ರವಾಸದ ಖರ್ಚಿನ ಪಟ್ಟಿಗೆ ಕೂತೆವು. ಮೊದಲ ಸಾಲು ಗಾಡಿಯದೂ ಅಲ್ಲ, ವಸತಿಯದೂ ಅಲ್ಲ ಎಂದು ಮನೆಯವರು ಹೇಳಿದರು. “ನಮ್ಮ ರಜೆ ಅಂದ್ರ ಅವರಿಗೆ ಎರಡು ಪಾಲು ದುಡಿಮೆ. ಅದನ್ನ ಮೊದಲು ಬರೀರಿ.” ಆಯ್ದಕ್ಕಿ ಲಕ್ಕಮ್ಮ ತನ್ನ ಗಂಡ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಿಮಗೆಲ್ಲ ಗೊತ್ತು. ನಮ್ಮದಲ್ಲದ್ದು ನಮ್ಮ ಮನೆಯೊಳಗೆ ಉಳಿಯಬಾರದು ಎಂಬುದು ಆ ತಾಯಿಯ ಲೆಕ್ಕ. ಇನ್ನೊಬ್ಬರ ಬೆವರಿನ ಹತ್ತು ದಿನವೂ ಹಾಗೆಯೇ. ಮಾಮೂಲಿ ಪಗಾರದ ಮೇಲೆ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಕೂಲಿ, ಹತ್ತು ದಿನದ ಹಾಲು, ಕಾಯಿಪಲ್ಲೆ ಅವರಿಗೇ ಎಂದು ಹೊರಡುವ ಮುನ್ನವೇ ಗೊತ್ತುಮಾಡಿ ಮುಂಗಡ ಕೊಟ್ಟೆವು. ಬಂದ ಮೇಲೆ ಖುಷಿಗೆ ಏನೋ ಒಂದು ಕೊಡುವುದು ಬೇರೆ. ಅದು ಕೊಡುವವನ ಮನಸ್ಸಿನ ಮೇಲೆ ನಿಲ್ಲುತ್ತದೆ. ಮೊದಲೇ ಮಾತಾಡಿದ ಕೂಲಿ ದುಡಿದವರ ಹಕ್ಕು.

ಆ ಲೆಕ್ಕದಲ್ಲಿ ಅವರು ಇನ್ನೊಂದು ಸಾಲು ಸೇರಿಸಿದರು. ಕಾರ ಹುಣ್ಣಿಮೆ ದಾಟಿದ ಮೇಲೆ ಆರು ದಿನ ತವರಿಗೆ ಹೋಗಬೇಕು, ಆಗ ಪಗಾರ ಕಡಿಯಬಾರದು ಎಂದರು. ಕೇಳಬೇಕಾದ್ದೇ ಕೇಳಿದರು. ಅದನ್ನೂ ಅದೇ ಹಾಳೆಯಲ್ಲಿ ಬರೆದೆವು.

ಪ್ರವಾಸದ ವರ್ಣನೆ ಮಾಡಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಒಂದು ಸುದ್ದಿ ಮಾತ್ರ ಹೇಳಬೇಕು. ಐದನೆಯ ದಿನ ಬೆಳಿಗ್ಗೆ ನಾವು ಮೈಸೂರಿನಲ್ಲಿದ್ದಾಗ ಫೋನ್ ಬಂತು. “ಅಕ್ಕಾರ, ಕರಿಯೋ ಆಕಳ ಕಣ್ಣು ಬ್ಯಾರೆ ಆಗ್ಯಾವ್ರಿ. ಡಾಕ್ಟರಿಗೆ ಹೇಳಲೇನ್ರಿ?” ಬೆಳಿಗ್ಗೆ ಬೆದೆ ಕಂಡರೆ ಸಂಜೆ ಗರ್ಭಧಾರಣೆ ಮಾಡಿಸಬೇಕು. ಸಂಜೆ ಮಾಡಿಸಿದರು. ನನ್ನ ಆಟೋ ಸ್ಟಾರ್ಟರೂ ಫ್ಲೋಟ್ ಸ್ವಿಚ್ಚೂ ಸರಿಯಾಗಿಯೇ ಕೆಲಸ ಮಾಡಿದವು. ಆದರೆ ಆ ಹತ್ತು ದಿನದಲ್ಲಿ ತೋಟ ಉಳಿಸಿದ್ದು ಆರು ದಿನದಲ್ಲಿ ಕಲಿತ ಆ ಎರಡು ಕಣ್ಣು.

ಮಳೆ ಹಿಡಿದ ಮೇಲೆ ಅವರು ತವರಿಗೆ ಹೋದರು. ಆರು ದಿನ ಹದಿನೇಳು ಕೆಲಸ ನಮ್ಮ ಪಾಲಿಗೆ ಬಂದವು. ಸೆಗಣಿ ಬಾಚುವುದು, ಮೇವು ಕೊಯ್ಯುವುದು ನನ್ನದು. ಎರಡನೆಯ ದಿನಕ್ಕೆ ಸೊಂಟ ಮಾತಾಡಿತು. ಅಷ್ಟು ಕೆಲಸವನ್ನು ಅವರು ವರ್ಷದ ಎಲ್ಲ ದಿನ ಮಾಡುತ್ತಾರೆಂಬುದನ್ನು ಸೊಂಟ ಹೇಳಿದಷ್ಟು ಸ್ಪಷ್ಟವಾಗಿ ಯಾವ ಪುಸ್ತಕವೂ ಹೇಳಲಾರದು.

ಕೊನೆಗೆ, ತೋಟ ಇಟ್ಟುಕೊಂಡ ನನ್ನಂಥವರಲ್ಲಿ ಮೂರು ಬಿನ್ನಹ. ಮುಂದಿನ ರಜೆಗೆ ಟಿಕೆಟ್ ತೆಗೆಯುವ ಮೊದಲು ಮನೆಯ ಕೆಲಸದ ಪಟ್ಟಿ ಬರೆಯಿರಿ, ಹೆಸರು ಹಾಕಿ ಬರೆಯಿರಿ, ಬರೆಯುವ ಕೆಲಸ ಮಕ್ಕಳಿಗೆ ಕೊಡಿ. ಉಳಿದು ದುಡಿಯುವವರ ಕೂಲಿಯನ್ನು ಖರ್ಚಿನ ಮೊದಲ ಸಾಲಿನಲ್ಲಿ ಇಡಿ, ಅವರ ರಜೆಯ ದಿನವನ್ನು ನಿಮ್ಮ ಕ್ಯಾಲೆಂಡರಿನಲ್ಲೇ ಗುರುತು ಮಾಡಿ. ಎಲ್ಲರೂ ಸರದಿಯ ಮೇಲೆ ಬಿಟ್ಟು ಹೋಗಲು ಆಗದಷ್ಟು ದೊಡ್ಡದಾಗಿ ತೋಟವನ್ನು ಬೆಳೆಸಬೇಡಿ. ಒಂದು ಆಕಳು ಕಡಿಮೆಯಾದರೂ ಸರಿ. ನಾವೂ ಈಗ ಒಂದೇ ಆಕಳು ಸಾಕೆಂಬ ಮಾತುಕತೆಯಲ್ಲಿದ್ದೇವೆ.

ಬರುವ ಬೇಸಿಗೆಗೆ ಎಲ್ಲಿಗೆ ಹೋಗಬೇಕೆಂಬುದನ್ನು ಈ ಸಲ ನಮ್ಮ ಮನೆಯವರೇ ಗೊತ್ತುಮಾಡಿದ್ದಾರೆ. ಅವರು ಇಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ, ಊರ ಹೆಸರು ಅವರನ್ನೇ ಕೇಳಿ.