ಕಿಲಿಮಂಜಾರೊ ಚಾರಣ: ಶಿಖರದ ಹೊರೆ ಯಾರ ತಲೆಯ ಮೇಲೆ?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಆಫ್ರಿಕಾ ಖಂಡದ ಅತ್ಯುನ್ನತ ಪರ್ವತ ಕಿಲಿಮಂಜಾರೊ. ತಾಂಜಾನಿಯಾ ದೇಶದ ಉತ್ತರದಂಚಿನಲ್ಲಿ, ಸಮಭಾಜಕ ವೃತ್ತದಿಂದ ಕೇವಲ ಮೂರು ಡಿಗ್ರಿ ದಕ್ಷಿಣಕ್ಕೆ, ಒಣಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿರುವ ಜ್ವಾಲಾಮುಖಿ ಪರ್ವತವದು. ಶಿರಾ, ಮವೆಂಜಿ ಮತ್ತು ಕಿಬೊ ಎಂಬ ಮೂರು ಜ್ವಾಲಾಮುಖಿಗಳು ಸೇರಿ ಅದು ರೂಪುಗೊಂಡಿದೆ. ಕಿಬೊದ ನೆತ್ತಿ ಸಮುದ್ರಮಟ್ಟದಿಂದ 5,895 ಮೀಟರ್ ಎತ್ತರದಲ್ಲಿದೆ. 1961ರಲ್ಲಿ ಟ್ಯಾಂಗನೀಕ ಸ್ವತಂತ್ರವಾದಾಗ ಆ ನೆತ್ತಿಯ ಮೇಲೆ ಪಂಜನ್ನು ಬೆಳಗಿಸಲಾಯಿತು. ಅಂದಿನಿಂದ ಅದಕ್ಕೆ 'ಉಹುರು' ಎಂಬ ಹೆಸರು. ಸ್ವಾಹಿಲಿ ಭಾಷೆಯಲ್ಲಿ ಆ ಪದಕ್ಕೆ ಸ್ವಾತಂತ್ರ್ಯವೆಂದರ್ಥ.

ಹಗ್ಗ, ಕೊಕ್ಕೆಗಳ ನೆರವಿಲ್ಲದೆ ಕಾಲ್ನಡಿಗೆಯಿಂದಲೇ ತಲುಪಬಹುದಾದ ಶಿಖರವಾದ್ದರಿಂದ ಪ್ರತಿವರ್ಷ ಹತ್ತಾರು ಸಾವಿರ ಜನ ಅಲ್ಲಿಗೆ ಹೋಗುತ್ತಾರೆ. ಬೆಂಗಳೂರಿನಿಂದ ಹೊರಡುವವರೂ ಅವರಲ್ಲಿದ್ದಾರೆ. ಹಿಂದಿರುಗಿದವರು ತೋರಿಸುವ ಚಿತ್ರದಲ್ಲಿ ಶಿಖರದ ಮರದ ಫಲಕವಿರುತ್ತದೆ, ಹಿಂದೆ ಒಂದಿಷ್ಟು ಹಿಮವಿರುತ್ತದೆ, ಮುಂದೆ ಚಾರಣಿಗ ನಿಂತಿರುತ್ತಾನೆ. ಆತನ ಗುಡಾರವನ್ನೂ ಅಕ್ಕಿ-ಬೇಳೆಯನ್ನೂ ಹೊತ್ತು ತಂದವರು ಆ ಚಿತ್ರದಲ್ಲಿ ಇರುವುದಿಲ್ಲ. ಚಾರಣದ ನಿಜವಾದ ಲೆಕ್ಕ ತಿಳಿಯಬೇಕಾದರೆ ಅವರಿಂದಲೇ ಆರಂಭಿಸಬೇಕು.

ಕಿಲಿಮಂಜಾರೊವನ್ನು ಯಾರೂ ತಮ್ಮಷ್ಟಕ್ಕೆ ತಾವೇ ಏರುವಂತಿಲ್ಲ. 1973ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ, 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪರ್ವತದಲ್ಲಿ ಪರವಾನಗಿ ಪಡೆದ ಮಾರ್ಗದರ್ಶಿಯೊಡನೆಯೇ ಚಾರಣ ಕೈಗೊಳ್ಳಬೇಕೆಂಬ ನಿಯಮವಿದೆ. ಆದ್ದರಿಂದ ಅಲ್ಲಿಗೆ ಹೋಗಬಯಸುವವರು ಯಾವುದಾದರೊಂದು ಸಂಸ್ಥೆಯ ತಂಡವನ್ನು ಸೇರುತ್ತಾರೆ. ತಂಡದಲ್ಲಿ ಮಾರ್ಗದರ್ಶಿ, ಉಪಮಾರ್ಗದರ್ಶಿ, ಅಡುಗೆಯವರು ಮತ್ತು ಹೊರೆಯಾಳುಗಳಿರುತ್ತಾರೆ. ಒಬ್ಬ ಚಾರಣಿಗನಿಗೆ ಮೂರು-ನಾಲ್ಕು ಹೊರೆಯಾಳುಗಳಿರುವುದು ಸಾಮಾನ್ಯ. ಗುಡಾರ, ಹಾಸಿಗೆ, ಅನಿಲದ ಸಿಲಿಂಡರು, ಪಾತ್ರೆ, ದಿನಸಿ, ಊಟದ ಮೇಜು, ಕುರ್ಚಿ, ಕೆಲವೊಮ್ಮೆ ಶೌಚದ ಪೆಟ್ಟಿಗೆ ಕೂಡ ಅವರ ತಲೆ-ಬೆನ್ನುಗಳ ಮೇಲೆಯೇ ಸಾಗುತ್ತವೆ. ಉದ್ಯಾನದ ದ್ವಾರದಲ್ಲಿ ತಕ್ಕಡಿಯಿದೆ. ಹೊರೆಯ ಮಿತಿ 20 ಕಿಲೋಗ್ರಾಂ. ಹೊರೆಗಳನ್ನು ತೂಗಿದ ಮೇಲೆಯೇ ತಂಡ ಕಾಡಿನೊಳಗೆ ಕಾಲಿಡಬೇಕು.

ಹೆಚ್ಚು ಜನ ಹಿಡಿಯುವ ಮಚಾಮೆ ಹಾದಿ ಸುಮಾರು 1,800 ಮೀಟರ್ ಎತ್ತರದಲ್ಲಿ, ಬಾಳೆ-ಕಾಫಿ ತೋಟಗಳು ಮುಗಿಯುವಲ್ಲಿ ಆರಂಭವಾಗುತ್ತದೆ. ಮೊದಲ ದಿನದ ನಡಿಗೆಯೆಲ್ಲ ಪಾಚಿ ಹೊದ್ದ ಮರಗಳ ಮಳೆಕಾಡಿನಲ್ಲಿ. ದಕ್ಷಿಣದ ಇಳಿಜಾರಿನ ಈ ಕಾಡಿಗೆ ವರ್ಷಕ್ಕೆ 2,000 ಮಿಲಿಮೀಟರಿಗೂ ಅಧಿಕ ಮಳೆ ಬೀಳುತ್ತದೆ. ಸಹ್ಯಾದ್ರಿಯ ಒದ್ದೆ ಬಂಡೆಗಳ ಮೇಲೆ ಮಳೆಗಾಲದಲ್ಲಿ ಅರಳುವ ಇಂಪೇಷನ್ಸ್ ಹೂವುಗಳ ಕುಲಕ್ಕೇ ಸೇರಿದ, ಆ ಪರ್ವತವನ್ನು ಬಿಟ್ಟು ಬೇರೆಲ್ಲೂ ಇಲ್ಲದ ಒಂದು ಪ್ರಭೇದ ಈ ಕಾಡಿನ ನೆರಳಿನಲ್ಲಿ ಬೆಳೆಯುತ್ತದೆ. 2,800 ಮೀಟರಿನ ಆಸುಪಾಸಿನಲ್ಲಿ ಎತ್ತರದ ಮರಗಳು ಮರೆಯಾಗಿ ಎರಿಕಾ ಜಾತಿಯ ಪೊದೆಗಾಡು ತೊಡಗುತ್ತದೆ. ಅದರ ಮೇಲೆ ಡೆಂಡ್ರೊಸೆನೇಸಿಯೊ ಎಂಬ ದೈತ್ಯ ಸಸ್ಯ ಕಾಣಿಸುತ್ತದೆ. ಅದು ಒಣಗಿದ ಎಲೆಗಳನ್ನು ಉದುರಿಸದೆ ಕಾಂಡಕ್ಕೆ ಕಂಬಳಿಯಂತೆ ಸುತ್ತಿಕೊಂಡು ರಾತ್ರಿಯ ಹೆಪ್ಪುಗಟ್ಟುವ ಚಳಿಯನ್ನು ತಡೆದುಕೊಳ್ಳುತ್ತದೆ. 4,000 ಮೀಟರ್ ದಾಟಿದರೆ ಬೂದಿ ಮತ್ತು ಕಲ್ಲಿನ ಮರುಭೂಮಿ. ಕೊನೆಯ ಬೀಡಿಗೆ 'ಬರಾಫು' ಎಂಬ ಹೆಸರು. ಹಿಂದಿಯ 'ಬರ್ಫ್'ನಂತೆ ಈ ಸ್ವಾಹಿಲಿ ಪದಕ್ಕೂ ಮೂಲ ಪಾರಸಿ. ಅರ್ಥವೂ ಒಂದೇ, ಹಿಮ.

ಬರಾಫುವಿನಿಂದ ನಡುರಾತ್ರಿಯ ವೇಳೆಗೆ ಹೊರಟು, ಸುಮಾರು 1,200 ಮೀಟರ್ ಏರಿ, ಮುಂಜಾನೆ ಶಿಖರ ಸೇರುವುದು ವಾಡಿಕೆ. ಅಲ್ಲಿನ ವಾಯುವಿನ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧದಷ್ಟು. ಒಂದೊಂದು ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ, ನಿದ್ರಾಹೀನತೆ ಇದರ ಮೊದಲ ಸೂಚನೆಗಳು. ಅವನ್ನು ಕಡೆಗಣಿಸಿ ಏರುತ್ತಲೇ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು, ಜೀವವೇ ಹೋಗಬಹುದು. ತಡಮಾಡದೆ ಕೆಳಗಿಳಿಯುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಮಾರ್ಗದರ್ಶಿಗಳು ಹೆಜ್ಜೆಹೆಜ್ಜೆಗೂ 'ಪೋಲೆ ಪೋಲೆ', ಅಂದರೆ ನಿಧಾನ, ನಿಧಾನ ಎನ್ನುತ್ತಿರುವುದಕ್ಕೆ ಕಾರಣವಿದು. ದೇಹಕ್ಕೆ ಎತ್ತರ ಒಗ್ಗಬೇಕಾದರೆ ದಿನಗಳು ಬೇಕು. ಮಚಾಮೆ ಹಾದಿಯಲ್ಲಿ 4,600 ಮೀಟರಿನ ಆಸುಪಾಸಿಗೆ ಏರಿಸಿ, ಅದೇ ಸಂಜೆ ಮತ್ತೆ 4,000 ಮೀಟರಿಗಿಂತ ಕೆಳಗಿಳಿಸಿ ಮಲಗಿಸುವ ದಿನವೊಂದನ್ನು ಇಟ್ಟಿರುವುದೂ ಇದಕ್ಕಾಗಿಯೇ. ಆರು ದಿನಗಳಿಗಿಂತ ಏಳೆಂಟು ದಿನಗಳ ಚಾರಣ ಸುರಕ್ಷಿತವೆಂದು ಅನುಭವಿಗಳು ಹೇಳುತ್ತಾರೆ.

ಅಗ್ಗದ ಚಾರಣದ ಗುಟ್ಟು ಬಯಲಾಗುವುದು ಇಲ್ಲಿಯೇ. ಉದ್ಯಾನದ ಪ್ರವೇಶ ಶುಲ್ಕ, ಬೀಡಿನ ಶುಲ್ಕ, ರಕ್ಷಣಾ ಶುಲ್ಕ ಎಲ್ಲವೂ ನಿಗದಿಯಾಗಿವೆ. ಬಹುಪಾಲು ದಿನದ ಲೆಕ್ಕದಲ್ಲಿ ತೆರಬೇಕಾದವು. ಅವುಗಳಲ್ಲಿ ಯಾವ ಸಂಸ್ಥೆಯೂ ಕಾಸು ಉಳಿಸಲಾರದು. ಹಾಗಿದ್ದರೂ ಒಂದು ಸಂಸ್ಥೆ ಇತರರಿಗಿಂತ ಬಹಳ ಕಡಿಮೆ ದರಕ್ಕೆ ಚಾರಣವನ್ನು ಮಾರುತ್ತಿದ್ದರೆ ಆ ಉಳಿತಾಯ ಬರಬಹುದಾದ ಜಾಗಗಳು ಕೆಲವೇ. ದಿನಗಳನ್ನು ಕಡಿತಗೊಳಿಸಿರಬೇಕು, ಹಾಗಾದರೆ ಚಾರಣಿಗನ ಜೀವ ಅಪಾಯಕ್ಕೊಳಗಾಗುತ್ತದೆ. ಇಲ್ಲವೇ ಹೊರೆಯಾಳಿನ ಕೂಲಿ, ಊಟ, ಗುಡಾರ, ಬೆಚ್ಚನೆಯ ಉಡುಪುಗಳನ್ನು ಕಡಿತಗೊಳಿಸಿರಬೇಕು. ಹಾಗಾದರೆ ಆತನ ಜೀವ ಅಪಾಯಕ್ಕೊಳಗಾಗುತ್ತದೆ. ಹೊರೆಯಾಳು ಪರ್ವತದ ಬುಡದವನಾದ ಮಾತ್ರಕ್ಕೆ ಅವನ ಶ್ವಾಸಕೋಶ ಬೇರೆಯಲ್ಲ. ಆತ ವಾಸಿಸುವುದು ಸಾವಿರ, ಒಂದೂವರೆ ಸಾವಿರ ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆಯೂ ಚಳಿಯೂ ಅವನನ್ನು ಬಿಡುವುದಿಲ್ಲ. ಹರಿದ ಬೂಟು, ತೆಳುವಾದ ಅಂಗಿ, ದಿನಕ್ಕೊಂದು ಊಟದಲ್ಲಿ ಹೊರೆ ಹೊತ್ತವರು ಅಲ್ಲಿ ಪ್ರಾಣ ಕಳೆದುಕೊಂಡದ್ದುಂಟು.

ಈ ಅನ್ಯಾಯವನ್ನು ಕಂಡು 2003ರಲ್ಲಿ ಮೋಶಿ ಪಟ್ಟಣದಲ್ಲಿ ಕಿಲಿಮಂಜಾರೊ ಹೊರೆಯಾಳುಗಳ ನೆರವು ಯೋಜನೆ ಆರಂಭವಾಯಿತು. ಅದು ಹೊರೆಯಾಳುಗಳಿಗೆ ಚಳಿಯ ಉಡುಪುಗಳನ್ನು ಉಚಿತವಾಗಿ ಎರವಲು ಕೊಡುತ್ತದೆ. ಕೂಲಿ, ಊಟ, ಹೊರೆ, ಗುಡಾರಗಳ ವಿಷಯದಲ್ಲಿ ನ್ಯಾಯವಾಗಿ ನಡೆದುಕೊಳ್ಳುವ ಚಾರಣ ಸಂಸ್ಥೆಗಳನ್ನು ಗುರುತಿಸಿ ಪಟ್ಟಿ ಮಾಡುತ್ತದೆ. ಆದ್ದರಿಂದ ತಂಡ ಸೇರುವವರು ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಚಾರಣ ಎಷ್ಟು ದಿನದ್ದು? ಹೊರೆಯಾಳಿಗೆ ದಿನಗೂಲಿ ಎಷ್ಟು, ಅದು ಯಾವಾಗ ಕೈಸೇರುತ್ತದೆ? ದಿನಕ್ಕೆ ಎಷ್ಟು ಊಟ? ಅವನು ಎಲ್ಲಿ ಮಲಗುತ್ತಾನೆ? ಕಾಯಿಲೆ ಬಿದ್ದರೆ ಅವನನ್ನು ಯಾರು ಕೆಳಗಿಳಿಸುತ್ತಾರೆ? ಚಾರಣಿಗರು ಕೊಡುವ ಇನಾಮು ಎಲ್ಲರೆದುರು ಹಂಚಿಕೆಯಾಗುತ್ತದೆಯೇ? ಉತ್ತರಿಸಲು ಹಿಂಜರಿಯುವ ಸಂಸ್ಥೆಯನ್ನು ದೂರವಿಡುವುದೇ ಲೇಸು.

ಹೊರೆ ಹೊರಲು ಇಷ್ಟೊಂದು ಯುವಕರು ಏಕೆ ಬರುತ್ತಾರೆ ಎಂಬುದನ್ನು ಅರಿಯಲು ಪರ್ವತದ ಬುಡಕ್ಕೆ ಇಳಿಯಬೇಕು. ದಕ್ಷಿಣ ಮತ್ತು ಪೂರ್ವದ ಇಳಿಜಾರುಗಳಲ್ಲಿ ಚಾಗ್ಗಾ ಜನರ ಮನೆತೋಟಗಳಿವೆ. ಅವಕ್ಕೆ 'ಕಿಹಂಬ' ಎಂದು ಹೆಸರು. ಮೇಲೆ ಎತ್ತರದ ಮರ, ಅದರಡಿ ಬಾಳೆ, ಬಾಳೆಯಡಿ ಕಾಫಿ, ನೆಲದಲ್ಲಿ ಕೆಸವು, ಬೀನ್ಸ್, ಸೊಪ್ಪು. ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುವ ದನ, ಆಡು. ಅವುಗಳ ಗೊಬ್ಬರ ಮರಳಿ ಬಾಳೆಯ ಬುಡಕ್ಕೆ. ಕಾಡಿನ ಹಳ್ಳಗಳಿಂದ ನೀರು ತರುವ ಸಾಂಪ್ರದಾಯಿಕ ಕಾಲುವೆಗಳನ್ನು ಊರವರೇ ಕೂಡಿ ನಿರ್ವಹಿಸುತ್ತ ಬಂದಿದ್ದಾರೆ. ಅಡಿಕೆ ತೋಟಕ್ಕೆ ಸೊಪ್ಪು ಹಾಕಿ, ಹಳ್ಳದಿಂದ ಕಾಲುವೆ ತಿರುಗಿಸುವ ಮಲೆನಾಡಿನ ಕೃಷಿಕರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಅಲ್ಲಿನ ಕಾಫಿಗೆ ನೆರಳು ಕೊಡುವ ಮರಗಳಲ್ಲಿ ಚಿಕ್ಕಮಗಳೂರು, ಕೊಡಗಿನ ತೋಟಗಳಲ್ಲಿರುವ ಅದೇ ಸಿಲ್ವರ್ ಓಕ್ ಕೂಡ ಸೇರಿದೆ. ಶಿಂಬ್ವೆ ಜೂ ಎಂಬಲ್ಲಿನ ಕಿಹಂಬ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2011ರಲ್ಲಿ ಜಾಗತಿಕ ಕೃಷಿ ಪರಂಪರೆಯೆಂದು ಮಾನ್ಯ ಮಾಡಿತು.

ಆದರೆ ಮನ್ನಣೆಯಿಂದ ಹೊಟ್ಟೆ ತುಂಬುವುದಿಲ್ಲ. 1984ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮನೆತೋಟದ ಸರಾಸರಿ ವಿಸ್ತೀರ್ಣ 0.68 ಹೆಕ್ಟೇರ್, ಅಂದರೆ ಎರಡೆಕರೆಗೂ ಕಡಿಮೆ. ತಂದೆಯ ತೋಟ ಮಕ್ಕಳಲ್ಲಿ ಪಾಲಾದಂತೆ ತುಂಡುಗಳು ಮತ್ತಷ್ಟು ಕಿರಿದಾದವು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 2000ದ ದಶಕದ ಆರಂಭದಲ್ಲಿ ಕಾಫಿಯ ಬೆಲೆ ಪಾತಾಳಕ್ಕಿಳಿಯಿತು. ಅದೇ ಬಿಸಿಯನ್ನು ಆಗ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರೂ ಉಂಡರು. ತೋಟ ಸಾಕಲಾರದ ಮನೆಯ ಹುಡುಗನಿಗೆ ಕೈಗೆಟಕುವ ನಗದಿನ ದುಡಿಮೆಗಳಲ್ಲಿ ಉದ್ಯಾನದ ದ್ವಾರದ ಹೊರೆಯೂ ಒಂದಾಯಿತು. ಕೃಷಿ ಸೋತ ಬೆಟ್ಟದಲ್ಲಿ ಪ್ರವಾಸೋದ್ಯಮಕ್ಕೆ ಅಗ್ಗದ ಕೂಲಿ ಸಿಗುತ್ತದೆ.

ಇನ್ನು ಹಿಮದ ಮಾತು. 1912ರಿಂದ 2007ರ ನಡುವೆ ಕಿಬೊದ ಹಿಮಹೊದಿಕೆಯ ಸುಮಾರು 85 ಪ್ರತಿಶತ ಕರಗಿಹೋಯಿತು. 2015-2020ರೊಳಗೆ ಅದು ಪೂರ್ಣ ಮರೆಯಾಗುವ ಸಂಭವವಿದೆಯೆಂದು 2002ರಲ್ಲಿ ವಿಜ್ಞಾನಿಗಳು ಅಂದಾಜಿಸಿದ್ದರು. ಆ ಗಡುವು ಸರಿಹೊಂದಲಿಲ್ಲ, ಹಿಮದ ಚೂರುಗಳು ಉಳಿದಿವೆ. ಆದರೆ ಸಾಗಿರುವ ದಿಕ್ಕು ಬದಲಾಗಿಲ್ಲ. 2050ರ ವೇಳೆಗೆ ಆಫ್ರಿಕಾದ ವಿಶ್ವ ಪರಂಪರೆಯ ತಾಣಗಳ ಹಿಮನದಿಗಳು ಇಲ್ಲವಾಗಬಹುದೆಂದು ಯುನೆಸ್ಕೊ 2022ರಲ್ಲಿ ಎಚ್ಚರಿಸಿತು. ಭೂಮಿಯ ಬಿಸಿಯೇರಿಕೆಯ ಜೊತೆಗೆ ಪರ್ವತದ ಮೇಲಿನ ಗಾಳಿ ಒಣಗಿ ಹಿಮಪಾತ ಕುಗ್ಗಿದ್ದೂ ಇದಕ್ಕೆ ಕಾರಣ.

ಹಿಮ ಹೋದರೆ ಕೆಳಗಿನ ಊರುಗಳ ನೀರೂ ಬತ್ತುತ್ತದೆಯೆಂದು ಅನೇಕರು ಭಾವಿಸುತ್ತಾರೆ. ವಾಸ್ತವ ಬೇರೆ. ಉಳಿದಿರುವ ಹಿಮದಿಂದ ಬರುವ ನೀರು ಅತ್ಯಲ್ಪ. ಪಂಗಾನಿ ನದಿಗೆ ಹರಿಯುವ ತೊರೆಗಳನ್ನು ಪೋಷಿಸುತ್ತಿರುವುದು ಕಾಡಿನ ಮೇಲೆ ಬೀಳುವ ಮಳೆ ಮತ್ತು ಮರಗಳು ಸೋಸಿ ಇಳಿಸುವ ಮಂಜಿನ ಹನಿ. ಆಂಡ್ರಿಯಾಸ್ ಹೆಂಪ್ ಎಂಬ ಸಸ್ಯವಿಜ್ಞಾನಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಎತ್ತಿ ಹೇಳಿತು: ಒಣಹವೆಯಲ್ಲಿ ಮರುಕಳಿಸುವ ಕಾಳ್ಗಿಚ್ಚು ಮೇಲಂಚಿನ ಎರಿಕಾ ಕಾಡನ್ನು ಸುಟ್ಟು ಕೆಳಗೆ ತಳ್ಳುತ್ತಿದೆ, ಆ ಕಾಡಿನೊಡನೆ ನಷ್ಟವಾಗುವ ಮಂಜುನೀರಿನ ಮುಂದೆ ಹಿಮ ಕರಗುವುದರ ಪರಿಣಾಮ ಗೌಣ. ಚಿತ್ರದಲ್ಲಿ ಕಾಣುವ ಹಿಮಕ್ಕಾಗಿ ಜಗತ್ತು ಮರುಗುತ್ತದೆ. ಚಿತ್ರದಲ್ಲಿ ಕಾಣದ ಪೊದೆಗಾಡು ಸುಟ್ಟಾಗ ಮರುಗುವವರು ಕಡಿಮೆ.

2020ರ ಅಕ್ಟೋಬರ್‌ನಲ್ಲಿ ಕಿಲಿಮಂಜಾರೊದಲ್ಲಿ ಬೆಂಕಿ ಬಿದ್ದು ಸುಮಾರು 95 ಚದರ ಕಿಲೋಮೀಟರ್ ಸಸ್ಯರಾಶಿ ಉರಿಯಿತು. ಉದ್ಯಾನದ ಸಿಬ್ಬಂದಿಯೊಡನೆ ಸುತ್ತಲಿನ ಗ್ರಾಮಸ್ಥರು, ವಿದ್ಯಾರ್ಥಿಗಳು ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದರು. ಪ್ರವಾಸಿಗರಿಗಾಗಿ ಊಟ ಬಿಸಿ ಮಾಡುತ್ತಿದ್ದ ಹೊರೆಯಾಳುಗಳ ಒಲೆಯಿಂದ ಕಿಡಿ ಹಾರಿರಬೇಕೆಂದು ಅಧಿಕಾರಿಗಳು ಮೊದಲು ಹೇಳಿದರು. ಅದು ನಿಜವೇ ಆಗಿದ್ದರೂ ತಪ್ಪನ್ನು ಹೊರೆಯಾಳಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆ ಊಟ ಯಾರಿಗಾಗಿ ಬಿಸಿಯಾಗುತ್ತಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಬೆಂಕಿ ಮತ್ತೆ ಕಾಣಿಸಿಕೊಂಡಿತು.

ಹೊರೆ ಹೊತ್ತವರನ್ನು ಮರೆಯುವುದು ಇಂದಿನ ರೂಢಿಯಲ್ಲ. 1889ರಲ್ಲಿ ಜರ್ಮನಿಯ ಹಾನ್ಸ್ ಮೇಯರ್ ಹಾಗೂ ಆಸ್ಟ್ರಿಯಾದ ಲುಡ್ವಿಗ್ ಪುರ್ಟ್‌ಷೆಲ್ಲರ್ ಶಿಖರ ಮುಟ್ಟಿದರೆಂದು ಪುಸ್ತಕಗಳು ಹೇಳುತ್ತವೆ. ಅವರಿಗೆ ದಾರಿ ತೋರಿದವನೆಂದು ಮರಂಗು ಊರಿನ ಜನ ನೆನೆಯುವ ಯೋಹಾನಿ ಕಿನ್ಯಾಲ ಲಾವೊ ಅವರಿಗೆ ಗೌರವ ದೊರೆತದ್ದು ನೂರು ವರ್ಷಗಳ ತರುವಾಯ, 1989ರ ಶತಮಾನೋತ್ಸವದಲ್ಲಿ.

ಮಲೆನಾಡಿನ ಬೆಟ್ಟಗಳಿಗೂ ಈಗ ಚಾರಣಿಗರ ದಂಡು ಬರುತ್ತಿದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜನಸಂದಣಿ ಉಕ್ಕಿ, ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಬೇಕಾಯಿತು. ಚಾರಣಿಗರಿಗೆ ಊಟ ಬಡಿಸುವ, ದಾರಿ ತೋರುವ ಕೆಲಸಕ್ಕೆ ಹಳ್ಳಿಯ ಯುವಕರು ಮುಂದಾಗುತ್ತಿದ್ದಾರೆ. ಅದು ತಪ್ಪಲ್ಲ. ಆದರೆ ಕಿಲಿಮಂಜಾರೊ ಕಲಿಸುವ ಪಾಠವನ್ನು ಮೊದಲೇ ಓದಿಕೊಳ್ಳುವುದು ಒಳಿತು. ಕೂಲಿ ಎಷ್ಟು, ಹೊರೆ ಎಷ್ಟು, ಒಂದು ದಿನಕ್ಕೆ ಕಾಡಿನೊಳಗೆ ಎಷ್ಟು ಜನ, ಬೇಸಿಗೆಯಲ್ಲಿ ಒಲೆ ಉರಿಯಬಹುದೇ ಎಂಬುದನ್ನು ಗ್ರಾಮಸಭೆಯಲ್ಲಿ ಊರವರೇ ಕೂತು ತೀರ್ಮಾನಿಸಬೇಕು. ತೋಟವನ್ನು ಕೈಬಿಡದೆ ಚಾರಣವನ್ನು ಅದಕ್ಕೊಂದು ಪೂರಕ ಆದಾಯವಾಗಿ ಇಟ್ಟುಕೊಂಡ ಊರಿಗೆ ದರ ನಿಗದಿ ಮಾಡುವ ಶಕ್ತಿ ಉಳಿಯುತ್ತದೆ. ತೋಟ ಕಳೆದುಕೊಂಡ ಊರು ಕೊಟ್ಟಷ್ಟಕ್ಕೆ ಹೊರೆ ಎತ್ತಬೇಕಾಗುತ್ತದೆ.

ಮಚಾಮೆ ದ್ವಾರದ ತಕ್ಕಡಿ 20 ಕಿಲೋಗ್ರಾಮನ್ನು ಸರಿಯಾಗಿಯೇ ತೂಗುತ್ತದೆ. ಹೊರುವವನ ಮನೆಯ ತೋಟ ಎಷ್ಟು ಉಳಿದಿದೆ, ಮೇಲಿನ ಕಾಡು ಎಷ್ಟು ಉಳಿದಿದೆ ಎಂಬುದನ್ನು ತೂಗುವ ತಕ್ಕಡಿ ಅಲ್ಲಿಲ್ಲ. ಆ ತೂಕವನ್ನು ಬೆಟ್ಟ ಏರುವವರೂ ಬೆಟ್ಟದಲ್ಲಿ ಬಾಳುವವರೂ ತಾವೇ ಮಾಡಿಕೊಳ್ಳಬೇಕಾಗಿದೆ.